ಮೈಲುತುತ್ತ ತಿಂದ ಎಂಜಿನ್

ನಮ್ಮ ಭಾವನ ಮೇಲೆ ನನಗಿರುವ ಸಿಟ್ಟಿಗೆ ಈಗ ವಯಸ್ಸಾಗಿದೆ, ಕಡಿಮೆಯೇನೂ ಆಗಿಲ್ಲ. ಅವರು ನನ್ನ ಗಂಡನ ಅಣ್ಣ, ಮನೆಗೆ ಯಜಮಾನ. ಮಗ್ಗೆ ಊರಿನಿಂದ ಮಣ್ಣುರಸ್ತೆಯಲ್ಲಿ ಒಳಗೆ ಹೋದರೆ ನಮ್ಮ ಕಾಫಿ ತೋಟ. ಆ ತೋಟದಲ್ಲಿ ಅವರಿಗೆ ಗೊತ್ತಿಲ್ಲದ್ದು ಏನೂ ಇಲ್ಲ ಎಂದು ಎಲ್ಲರೂ ನಂಬಿದ್ದರು, ಎಲ್ಲರಿಗಿಂತ ಜಾಸ್ತಿ ಅವರೇ ನಂಬಿದ್ದರು.

ಕಾರು ಮಾತ್ರ ನನ್ನದು. ತೊಂಬತ್ತರ ದಶಕದ ಕೊನೆಗೆ ನನ್ನ ಮದುವೆಯಾದಾಗ ಅಪ್ಪ ಆಲೂರಿನಲ್ಲಿ ತಾವು ಓಡಿಸುತ್ತಿದ್ದ ಹಳೆಯ ಕಾರನ್ನು ನನಗೇ ಕೊಟ್ಟರು. ಅದನ್ನು ನೋಡಿಕೊಳ್ಳುವುದನ್ನು ಮದುವೆಗೆ ಮುಂಚೆಯೇ ಕಲಿಸಿದ್ದರು. "ಎಂಜಿನ್ ತಣ್ಣಗಿದ್ರೆ ಮಾತ್ರ ರೇಡಿಯೇಟರ್ ಮುಚ್ಚಳ ತೆಗಿ. ಬಿಸಿ ತೋರ್ಸೋ ಸೂಜಿ ಕೆಂಪಿಗೆ ಹೋಯ್ತಾ, ಅಲ್ಲೇ ನಿಲ್ಸು. ಪಕ್ಕದಲ್ಲಿ ಕೂತೋರು ಏನಂದ್ರೂ ನಿಲ್ಸು" ಎನ್ನುತ್ತಿದ್ದರು.

ಬಾಳ್ಳುಪೇಟೆಯ ಒಂದು ಸಣ್ಣ ಶಾಲೆಯಲ್ಲಿ ನಾನು ಗಣಿತ ಹೇಳಿಕೊಡುತ್ತಿದ್ದೆ. ನಮ್ಮ ಕಡೆಯಿಂದ ಹೋಗುವ ಬೆಳಗಿನ ಬಸ್ಸು ಅಲ್ಲಿ ಮುಟ್ಟುವಷ್ಟರಲ್ಲಿ ಮೊದಲನೇ ಪೀರಿಯಡ್ ಮುಗಿಯುತ್ತ ಬಂದಿರುತ್ತಿತ್ತು. ಕಾರಿದ್ದರೆ ಕೆಲಸ, ಇಲ್ಲದಿದ್ದರೆ ಅಡುಗೆಮನೆ. ಭಾವನಿಗೆ ಇದು ಚೆನ್ನಾಗಿ ಗೊತ್ತಿತ್ತು. ಮನೆ ಸೊಸೆ ಸ್ಟೇರಿಂಗ್ ಹಿಡಿದು ಆಳುಗಳ ಲೈನ್ ಮನೆಗಳ ಮುಂದೆ ಹಾದುಹೋಗುವುದನ್ನು ನೋಡಿ ಅವರಿಗೆ ಮೈ ಉರಿಯುತ್ತಿತ್ತು. ಒಂದು ರಾತ್ರಿ ಊಟಕ್ಕೆ ಕೂತಾಗ ಕಾನೂನು ಮಾಡಿದರು.

"ನೋಡಮ್ಮ, ಹೋಗೋದು ಹೋಗು. ದಾರೀಲಿ ಒಂದ್ಸಲ ಕಾರು ನಿಂತ್ರೆ ಮಾತ್ರ ಕೀ ನನ್ನ ಕೈಗೆ ಕೊಟ್ಬುಡ್ಬೇಕು. ಮನೆತನದ ಮರ್ಯಾದೆ ಐತೆ."

ನನ್ನ ಗಂಡ ಸಾರಿನಲ್ಲಿ ಅನ್ನ ಕಲಸುತ್ತ ಕೂತಿದ್ದರು. ಅವರು ಬಾಯಿ ಬಿಟ್ಟಿದ್ದರೆ ಇವತ್ತು ಇದನ್ನೆಲ್ಲ ಬರೆಯುವ ಕೆಲಸ ನನಗೆ ಇರುತ್ತಿರಲಿಲ್ಲ.

ಭಾನುವಾರ ಬಂದರೆ ಅದೇ ಕಾರು ಭಾವನಿಗೆ ಬೇಕು. ಗಂಟೆಗಟ್ಟಲೆ ಏರಿನಲ್ಲಿ ಓಡಿಸಿ, ಬಿಸಿಯಾದರೆ ಸಿಕ್ಕಿದ ಹಳ್ಳದ ನೀರು ತುಂಬಿಸಿ ತಂದು ನಿಲ್ಲಿಸುತ್ತಿದ್ದರು. ಒಳಗೆ ತುಕ್ಕು ಹಿಡಿಯುತ್ತಿತ್ತು. ಒಂದು ಶನಿವಾರ ಮಧ್ಯಾಹ್ನ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ, ಮೇಲಿನಿಂದ ಪೈಪಿನ ನೀರು ಬಿಟ್ಟೆ. ರಾಗಿ ಗಂಜಿಯಂಥ ನೀರು ಬಹಳ ಹೊತ್ತು ಸುರಿಯಿತು. ತಿಳಿಯಾದ ಮೇಲೆ ತಿರುಪು ಬಿಗಿ ಮಾಡಿ, ಸಕಲೇಶಪುರದಿಂದ ತಂದಿದ್ದ ಕೂಲಂಟನ್ನು ಬ್ಯಾಟರಿಗೆ ಹಾಕುವ ಶುದ್ಧ ನೀರಿನಲ್ಲಿ ಬೆರೆಸಿ ತುಂಬಿಸಿದೆ. ತುಕ್ಕೂ ಹಿಡಿಯುವುದಿಲ್ಲ, ಬೇಗ ಕುದಿಯುವುದೂ ಇಲ್ಲ. ಬಣ್ಣ ನೀಲಿ ಬೆರೆತ ಹಸಿರು. ನನ್ನ ಗ್ರಹಚಾರ ಇದ್ದದ್ದು ಆ ಬಣ್ಣದಲ್ಲಿ.

ಆಗ ಮಳೆಗೆ ಮುಂಚಿನ ಔಷಧಿ ಹೊಡೆಯುವ ಕಾಲ. ಸ್ಟೋರಿನ ಮುಂದೆ ಒಂದು ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಅಂಥದ್ದೇ ನೀಲಿ ಹಸಿರಿನ ಮೈಲುತುತ್ತದ ನೀರು, ಇನ್ನೊಂದರಲ್ಲಿ ಸುಣ್ಣದ ನೀರು. ಎರಡನ್ನೂ ಬೆರೆಸಿ ಕಾಫಿ ಗಿಡಕ್ಕೆ ಹೊಡೆಯುವುದು. ಸುಣ್ಣ ಸಾಲದೆ ಹೋದರೆ ಮೈಲುತುತ್ತ ಎಲೆಯನ್ನು ಸುಡುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಅದಕ್ಕೆ ಕತ್ತಿ ಅದ್ದಿ ನೋಡುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು, ಆಗದಿದ್ದರೆ ಸುಣ್ಣ ಸರಿಯಾಗಿದೆ. ತೋಟದಲ್ಲಿ ಹುಟ್ಟಿದವರಿಗೆಲ್ಲ ಗೊತ್ತಿರುವ ಪರೀಕ್ಷೆ ಅದು.

ಮಾರನೇ ಬೆಳಿಗ್ಗೆ ಭಾವ ನನ್ನ ಗಂಡನನ್ನೂ ಕರೆದುಕೊಂಡು ಸಕಲೇಶಪುರದಲ್ಲಿ ಒಂದು ಮದುವೆಗೆ ಹೊರಟರು. ರೇಡಿಯೇಟರ್ ಮುಚ್ಚಳ ತೆಗೆದು ನೋಡಿದವರೇ ಕೂಗಿದರು.

"ಯಾರಲಾ ಇದ್ರೊಳಗೆ ಮೈಲುತುತ್ತ ಹುಯ್ದಿರೋದು?"

ಆಳುಗಳು ಮುಖ ಮುಖ ನೋಡಿಕೊಂಡರು. ನಾನು ಹೊರಗೆ ಬಂದು, "ನಾನೇ ಹಾಕಿದ್ದು ಭಾವ. ಅದು ಮೈಲುತುತ್ತ ಅಲ್ಲ, ಕೂಲಂಟು. ಕಾರಿಗೆ ಅಂತ್ಲೇ ಮಾರ್ತಾರೆ" ಅಂದೆ.

"ಮೂವತ್ತು ವರ್ಷದಿಂದ ಮೈಲುತುತ್ತ ಕಲಸ್ತಿದೀನಿ. ನಂಗೆ ಬಣ್ಣ ಹೇಳ್ಕೊಡ್ತೀಯಾ?"

"ಹಂಗಾದ್ರೆ ಕತ್ತಿ ಅದ್ದಿ ನೋಡಿ."

ಆಳುಗಳೆಲ್ಲ ನೋಡುತ್ತಿದ್ದರು, ಹಿಂದೆ ಸರಿಯುವ ಹಾಗಿರಲಿಲ್ಲ. ಒಂದು ಲೋಟ ಹಸಿರು ನೀರು ಹಿಡಿದು ಕತ್ತಿಯ ತುದಿ ಅದ್ದಿದರು. ಎಲ್ಲರೂ ಕಾದೆವು. ಅಲಗು ಇದ್ದ ಹಾಗೇ ಇತ್ತು, ಒಂದು ಚೂರೂ ಕೆಂಪಾಗಲಿಲ್ಲ. ಸದ್ಯ, ಬದುಕಿದೆ ಅಂದುಕೊಂಡೆ.

ಭಾವ ಕತ್ತಿಯನ್ನು ತಿರುಗಿಸಿ ಮುರುಗಿಸಿ ನೋಡಿ ಆಳುಗಳ ಕಡೆ ತಿರುಗಿದರು. "ನೋಡ್ರಲಾ, ಸುಣ್ಣಾನೂ ಹಾಕವ್ಳೆ."

ಆಳುಗಳು ನಕ್ಕರು. ನನ್ನ ಗಂಡನೂ ನಕ್ಕರು. ಅದನ್ನು ನಾನು ಮರೆತಿಲ್ಲ. ಮನುಷ್ಯನಿಗೆ ತಿಳಿಯದೆ ಇರುವುದು ತಪ್ಪಲ್ಲ. ಪರೀಕ್ಷೆ ಮಾಡಿ, ಉತ್ತರ ಕಣ್ಣೆದುರು ಬಂದ ಮೇಲೂ ಅದನ್ನು ತನ್ನ ಕಡೆಗೇ ಎಳೆದುಕೊಳ್ಳುವವನನ್ನು ಏನು ಮಾಡುವುದು?

ತಿರುಪು ಬಿಚ್ಚಿ ಎಲ್ಲವನ್ನೂ ಅಂಗಳಕ್ಕೆ ಹರಿಸಿದರು. ಕೆರೆ ನೀರು ತುಂಬಿಸಿದರು. ತಿರುಪನ್ನು ಅವಸರದಲ್ಲಿ ಸೊಟ್ಟ ಕೂರಿಸಿದ್ದು ಕಂಡು, "ಭಾವ, ನೀರು ತೊಟ್ಟಿಕ್ತಾ ಐತೆ" ಅಂದೆ. "ನೀನು ಒಳಗೆ ಹೋಗು" ಅಂದರು. ಹೋದೆ.

ಉಳಿದದ್ದನ್ನು ಸಂಜೆ ಲಾರಿ ಹತ್ತಿ ವಾಪಸ್ಸು ಬಂದ ನನ್ನ ಗಂಡನ ಬಾಯಿಂದ ಕೇಳಿದೆ. ಬಾಳ್ಳುಪೇಟೆ ದಾಟುವಾಗಲೇ ಸೂಜಿ ಕೆಂಪಿಗೆ ಹೋಗಿತ್ತಂತೆ. ಇವರು ನಿಲ್ಲಿಸಿ ಅಂದರಂತೆ, ಅಷ್ಟಾದರೂ ಅಂದರಲ್ಲ. "ಇನ್ನೇನು ಬಂದ್ಬುಡ್ತು, ಮುಹೂರ್ತ ತಪ್ಪೋಗ್ತದೆ" ಎಂದು ಭಾವ ಏರಿನಲ್ಲಿ ಆಕ್ಸಿಲರೇಟರ್ ಒತ್ತಿದರಂತೆ. ಹೊಗೆ ಎದ್ದು ತಾನೇ ನಿಂತ ಮೇಲೆ ರಸ್ತೆ ಬದಿಯ ಹೋಟೆಲಿನಿಂದ ಒಂದು ಬಿಂದಿಗೆ ತಣ್ಣೀರು ತಂದು ಕಾದ ಎಂಜಿನ್ ಮೇಲೆ ಸುರಿದರಂತೆ. ಟಪ್ ಎಂದು ಸದ್ದಾಯಿತಂತೆ. ಎಂಜಿನ್ ಬಿರುಕು ಬಿಟ್ಟಿತ್ತು.

ಭಾವ ಬಂದವರು ಕೀಯನ್ನು ಊಟದ ಮೇಜಿನ ಮೇಲೆ ಎಸೆದು, "ತಗೋ, ನಿನ್ನ ಮೈಲುತುತ್ತ ಎಂಜಿನ್ ತಿಂದ್ಬುಡ್ತು" ಅಂದರು.

ಕಾರು ಗುಜರಿಗೆ ಹೋಯಿತು. ಕೆಲವು ದಿನ ಬಸ್ಸಿನಲ್ಲಿ ಹೋದೆ. ದಿನಾ ತಡ, ದಿನಾ ಹೆಡ್ಮಿಸ್ಸಿನ ಮುಂದೆ ತಲೆ ತಗ್ಗಿಸಿ ನಿಲ್ಲುವುದು. ಮಳೆಗಾಲ ಮುಗಿಯುವ ಮುಂಚೆ ನನ್ನ ತರಗತಿಗಳು ಬೇರೆಯವರ ಪಾಲಾದವು. ನೆಂಟರ ಮನೆಗಳಲ್ಲೆಲ್ಲ ಭಾವ ಈ ಕತೆ ಹೇಳಿಕೊಂಡು ತಿರುಗಿದರು. ನಾನು ಹೋದಲ್ಲೆಲ್ಲ ಹೆಂಗಸರು, "ಎಂಜಿನ್ನಿಗೆ ಔಷಧಿ ಹೊಡೆದೋರು ಬಂದ್ರು" ಎಂದು ಕಿಸಕ್ಕನೆ ನಗುತ್ತಿದ್ದರು.

ಕೆಲವು ವರ್ಷ ಕಳೆದು ಕಾಫಿಗೆ ಒಳ್ಳೆಯ ರೇಟು ಬಂದಾಗ ಭಾವ ಹೊಸ ಕಾರು ತಂದರು. ಪೂಜೆಗೆ ನೆಂಟರೆಲ್ಲ ಸೇರಿದ್ದರು. ಚಕ್ರದ ಕೆಳಗಿನ ನಿಂಬೆಹಣ್ಣು ಒಡೆದಾದ ಮೇಲೆ ಭಾವ ಬಾನೆಟ್ ಎತ್ತಿ ಒಂದೊಂದನ್ನೂ ತೋರಿಸತೊಡಗಿದರು. ಅಲ್ಲಿತ್ತು, ಬಿಳಿ ಪ್ಲಾಸ್ಟಿಕ್ ಡಬ್ಬಿಯೊಳಗೆ, ಅದೇ ಹಸಿರು ನೀರು.

"ಭಾವ, ಇದಕ್ಕೂ ಯಾರೋ ಮೈಲುತುತ್ತ ಹುಯ್ದವ್ರೆ. ಕತ್ತಿ ತರ್ಲಾ?" ಅಂದೆ.

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು. "ಅದು ಕಂಪ್ನಿಯೋರೇ ಹಾಕ್ಕೊಟ್ಟಿರೋದು. ಕೂಲಂಟು" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

"ಹಂಗಾದ್ರೆ ಅವತ್ತು ದಾರೀಲಿ ಕಾರು ನಿಂತಿದ್ದು ನಿಮ್ಮಿಂದ. ನಿಂತ್ರೆ ಕೀ ಕೊಡ್ಬೇಕು ಅಂದೋರೂ ನೀವೇ" ಎಂದು ಕೈ ಚಾಚಿದೆ.

ಯಾರೂ ನಗಲಿಲ್ಲ. ನನ್ನ ಗಂಡ ನನ್ನ ಸೆರಗು ಜಗ್ಗಿದರು. ಭಾವ ಜೇಬಿನೊಳಗೆ ಕೀಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಕೊಡುತ್ತಾರೆಂದು ನಾನೂ ಅಂದುಕೊಂಡಿರಲಿಲ್ಲ. ಆದರೆ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಕೊನೆಗೆ ಬಾನೆಟ್ಟನ್ನೂ ಮುಚ್ಚದೆ ಅಲ್ಲಿಂದ ಹೋದವರು ಅವರು.