ತುಟಿಯ ಮೇಲಿನ ಕಾದಂಬರಿ

ನಮ್ಮ ಲ್ಯಾಂಕಾಶೈರಿನ ಹತ್ತಿಗಿರಣಿಗಳಲ್ಲಿ ಮಗ್ಗ ನಡೆಯುವಾಗ ಕಿವಿಯಿದ್ದೂ ಪ್ರಯೋಜನವಿಲ್ಲ. ಹೆಂಗಸರು ಸದ್ದಿಲ್ಲದೆ ತುಟಿ ಆಡಿಸುತ್ತಾರೆ, ಎದುರಿನವರು ತುಟಿ ನೋಡಿಯೇ ಮಾತು ತಿಳಿಯುತ್ತಾರೆ. ಹೆಟ್ಟಿ ಪಿಲ್ಕಿಂಗ್ ಅದರಲ್ಲಿ ಎಲ್ಲರಿಗಿಂತ ಮುಂದು. ಗಿರಣಿ ಕೂಲಿಕಾರರ ಮುಷ್ಕರ ಮುಗಿದ ವರ್ಷ ಅವಳ ತುಟಿಯ ಮೇಲೆ ಮೇಸ್ತ್ರಿ ಜೇಬೆಜ್ ಹೋಲ್ಡನ್‌ನ ಕಣ್ಣು ಬಿತ್ತು.

ಹೆಟ್ಟಿ ಪಕ್ಕದ ಮಗ್ಗದ ಡಾರ್ಕಸ್‌ಗೆ ದಿನವಿಡೀ ಏನೋ ಹೇಳುತ್ತಿದ್ದಳು. ಮೇಸ್ತ್ರಿ ಹತ್ತಿರ ಬಂದರೆ ಬಾಯಿ ಮುಚ್ಚುತ್ತಿತ್ತು. ಅವನು ಕಂಬದ ಮರೆಯಲ್ಲಿ ನಿಂತು ಹಿಡಿದದ್ದು ಇಷ್ಟು: ಯಜಮಾನನ ಮನೆಗೆ ಬೆಂಕಿ. ಯಾರಿಗೂ ತಿಳಿಯಬಾರದು. ಹಡಗು.

ಊಟದ ಬಿಡುವಿನಲ್ಲಿ ಅವಳನ್ನು ತಡೆದ.

"ಯಾರ ಮನೆ ಸುಡೋಕೆ ಹೊರಟಿದೀಯ ತಾಯಿ?"

"ಅದು ಹಳೇ ಕಾದಂಬರಿ ಮೇಸ್ತ್ರಿ. ದೀಪಸ್ತಂಭ ಕಾಯೋನ ಮಗಳು ಸುಸಾನಾ ಕಥೆ. ಡಾರ್ಕಸಕ್ಕಂಗೆ ಓದೋಕೆ ಬರಲ್ಲ, ನಾನು ಓದಿ ಹೇಳ್ತೀನಿ."

"ಕಿವಿ ಮೇಲೆ ಹೂ ಇಡ್ಬೇಡ."

"ಕದ್ದು ತುಟಿ ಓದೋರು ಪುಸ್ತಕಾನೂ ಓದಬಹುದಲ್ಲ."

ಮ್ಯಾನೇಜರಿಗೆ ದೂರು ಕೊಡಲು ಸಾಕ್ಷಿ ಬೇಕಿತ್ತು. ಜೇಬೆಜ್ ವಾಚನಾಲಯದಿಂದ ಆ ಪುಸ್ತಕವನ್ನೇ ತಂದ. ಭಾನುವಾರಗಳಂದು ಪ್ರಾರ್ಥನೆ ಮುಗಿಸಿ ಬಂದು, ಸಾಲಿನ ಕೆಳಗೆ ಬೆರಳಿಟ್ಟು ಓದಿದ. ಬೆಂಕಿ ಅದರಲ್ಲಿತ್ತು, ಹಡಗೂ ಇತ್ತು. ಆದರೆ ಅವನ ಅನುಮಾನ ಇನ್ನೂ ಹೆಚ್ಚಾಯಿತು. ಪುಸ್ತಕದ ಸುಸಾನಾ ಹಡಗು ಹತ್ತುವ ಮುನ್ನವೇ ಜ್ವರದಿಂದ ಸಾಯುತ್ತಾಳೆ. ಹೆಟ್ಟಿಯ ತುಟಿಯ ಮೇಲಿನ ಸುಸಾನಾ ಆಚೆ ದಡ ಸೇರಿ, ಅಂಗಡಿ ಇಟ್ಟು, ಕೋಳಿಯ ವಿಷಯಕ್ಕೆ ನೆರೆಯವಳೊಡನೆ ಜಗಳವಾಡುತ್ತಿದ್ದಳು.

ಮಗ್ಗಗಳ ಗದ್ದಲದ ನಡುವೆಯೇ ಅವಳ ಮುಂದೆ ನಿಂತು ತುಟಿಯಾಡಿಸಿದ. "ಸತ್ತೋಳು ಅಂಗಡಿ ಹೇಗೆ ಇಟ್ಲು? ಯಾರಿಗೆ ಏನು ಸುದ್ದಿ ಮುಟ್ಟಿಸ್ತಿದೀಯ?"

ಹೆಟ್ಟಿ ಅವನ ತೋಳು ಹಿಡಿದು, ಇಬ್ಬರ ತುಟಿಯೂ ಡಾರ್ಕಸ್‌ಗೆ ಕಾಣದಂತೆ ಗೋಡೆಯ ಕಡೆ ತಿರುಗಿ ನಿಂತಳು.

"ಅವಳಿಗೆ ಕಾಣುತ್ತೆ. ಡಾರ್ಕಸಕ್ಕನ ಮಗಳು ವಸಂತದಲ್ಲಿ ಜ್ವರದಿಂದಲೇ ಹೋದ್ಲು. ಆ ಪುಟಕ್ಕೆ ಬಂದಾಗ ನನ್ನ ತುಟಿ ಆಡಲಿಲ್ಲ. ಹಡಗು ಹತ್ತಿಸ್ಬಿಟ್ಟೆ."

ಜೇಬೆಜ್ ತುಟಿಯಾಡಿಸಿದ. "ಆದರೂ ಬರೆದೋನು ಬರೆದದ್ದೇ ಸರಿ. ಸುಸಾನಾ ಸತ್ತ ದಿನ ಅವಳ ಅಪ್ಪ ದೀಪಸ್ತಂಭದ ದೀಪ ಹಚ್ಚೋಕೆ ಏಳೋದೇ ಇಲ್ವಲ್ಲ."

"ಗೊತ್ತು ಮೇಸ್ತ್ರಿ. ಅದನ್ನ ಓದಿ ನಾನೂ ಅತ್ತಿದೀನಿ."

ಮ್ಯಾನೇಜರಿಗೆ ದೂರು ಹೋಗಲಿಲ್ಲ.

ಡಾರ್ಕಸ್ ಮಾತ್ರ ದಡ್ಡಿಯಾಗಿರಲಿಲ್ಲ. ಚಳಿಗಾಲದ ಒಂದು ಸಂಜೆ ಗಿರಣಿ ಬಿಟ್ಟಾಗ ಕೇಳಿದಳು: "ಆ ಹುಡುಗಿ ಹಡಗು ಹತ್ತಲಿಲ್ಲ, ಅಲ್ವಾ? ಅಂಗಡಿ ಇಟ್ಟ ಮೇಲೆ ನಿನ್ನ ಕಥೇಲಿ ಬರೀ ನಮ್ಮ ಬೀದಿಯೋರೇ ಬರ್ತಿದಾರೆ. ನಂಗೆ ಅವಾಗಿಂದ ಅನುಮಾನ."

ಹೆಟ್ಟಿ ಸುಳ್ಳು ಹೇಳಲಿಲ್ಲ. ಮುಂದಿನ ಭಾನುವಾರ ಪುಸ್ತಕ ತಂದು, ಡಾರ್ಕಸ್‌ಳ ಅಡುಗೆಮನೆಯಲ್ಲಿ ಒಲೆಯ ಪಕ್ಕ ಕೂತು, ಆ ಭಾಗವನ್ನು ಗಟ್ಟಿಯಾಗಿ ಓದಿದಳು. ಡಾರ್ಕಸ್ ಏಪ್ರನ್ ಹಿಂಡುತ್ತ ಕೊನೆಯವರೆಗೂ ಕೇಳಿದಳು. ಅಳಲಿಲ್ಲ.

"ಆ ಅಪ್ಪ ಕತ್ತಲಲ್ಲಿ ಕೂತಿರೋದನ್ನ ಇನ್ನೊಂದ್ಸಲ ಓದು" ಎಂದಳು.