ಗೋಡೆಯಾಚೆಯ ಹನ್ನೆರಡನೇ ಸಾಲು

ಗೋಡೆಯೊಳಗಿಂದ ದನಿ ಕೇಳಿತು, ಸತ್ತವರು ಹೆಸರು ಹಿಡಿದು ಕರೆದರು ಅಂತ ಕಣ್ಣರಳಿಸಿ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಅಜೀರ್ಣಕ್ಕೆ ದೆವ್ವದ ಹೆಸರಿಡುವ ಜನ ಎಂದು ಮುಖದ ಮೇಲೇ ನಕ್ಕಿದ್ದೇನೆ. ಇನ್ನು ನೀವು ನನ್ನ ಮೇಲೆ ನಗಬಹುದು. ಆ ಹಕ್ಕು ನಿಮಗಿದೆ.

ಇಂಗ್ಲಿಷರ ನಾಡಿನ ಇಲ್ಫರ್ಡಿನಲ್ಲಿ ನಮ್ಮದು ಸಾಲುಮನೆ. ಪಕ್ಕದ ಮನೆಗೂ ನಮಗೂ ನಡುವೆ ಒಂದೇ ಗೋಡೆ. ಆಚೆ ಇದ್ದವನು ರೂಪರ್ಟ್, ಜಮೈಕಾ ಮೂಲದ ಹಾಡುಗಾರ, ಎಪ್ಪತ್ತು ದಾಟಿದವನು. ಹದಿನಾರರ ವಯಸ್ಸಿಗೆ ನೆಲಮಾಳಿಗೆಯ ಪಾರ್ಟಿಗಳಲ್ಲಿ ಬೀರುವಿನಷ್ಟು ಎತ್ತರದ ಸ್ಪೀಕರ್‌ಗಳ ಮುಂದೆ ಮೈಕ್ ಹಿಡಿದನಂತೆ. ತನ್ನ ದ್ವೀಪದ ರೆಗೆ ಹಾಡಿದ. ಕಾಲ ಬದಲಾದಾಗ ಡಾನ್ಸ್‌ಹಾಲ್ ಅಂತ ಮಾತನ್ನೇ ತಾಳಕ್ಕೆ ಕುಣಿಸಿದ. ಒಂದು ಹಾಡಿಗೆ ಹೆಸರು ಬಂತು. ಆಮೇಲೆ ಮೂವತ್ತು ವರ್ಷ ಜರ್ಮನಿ, ಜಪಾನು ಎಂದು ಅದೇ ಹಾಡು ಹೊತ್ತು ತಿರುಗಿದ. ಹಿತ್ತಲ ಬೇಲಿಯ ಮೇಲಿಂದ ಇದನ್ನೆಲ್ಲ ಅವನೇ ಹೇಳಿದ್ದು. ನಾನು ತಲೆಯಾಡಿಸುತ್ತಲೇ ಒಳಗೊಳಗೆ ಮೂಗು ಮುರಿದಿದ್ದೆ. ನಮ್ಮಪ್ಪ ಧಾರವಾಡದಲ್ಲಿ ತಬಲಾ ನುಡಿಸುತ್ತಿದ್ದವರು. ಎಲ್ಲಿ ಅಲೆದರೂ ತಾಳದ ಮೊದಲ ಪೆಟ್ಟಿಗೆ ಬಂದು ಸೇರಬೇಕು ಎಂದು ತೊಡೆ ತಟ್ಟಿ ಕಲಿಸಿದವರು. ಇವನ ಹಾಡಿನಲ್ಲಿ ಆ ಮೊದಲ ಪೆಟ್ಟನ್ನೇ ನುಂಗಿಬಿಡುತ್ತಾರೆ. ಇಂಥದ್ದಕ್ಕೆ ಒಂದು ಇಡೀ ಆಯುಷ್ಯ ಕಳೆದನಲ್ಲ ಅನ್ನಿಸುತ್ತಿತ್ತು.

ಮೂರು ವರ್ಷದ ಹಿಂದಿನ ಮಾತು. ನಾನು ಮನೆಯಿಂದಲೇ ಕೆಲಸ ಮಾಡುತ್ತಿದ್ದೆ. ದಿನಾ ಮಧ್ಯಾಹ್ನ ನಾಲ್ಕಕ್ಕೆ ಗೋಡೆಯಾಚೆ ಸುರುವಾಗುತ್ತಿತ್ತು: ಒಂದೇ ಸಾಲು, ಹತ್ತಾರು ಸಲ. ತಡೆಯಲಾರದೆ ಇಲ್ಲಿನ ನಗರಸಭೆಗೆ, ಅಂದರೆ ಕೌನ್ಸಿಲಿಗೆ, ದೂರು ಕೊಟ್ಟೆ. ಅವರೊಂದು ಫಾರ್ಮ್ ಕಳಿಸಿದರು. ಯಾವ ದಿನ, ಎಷ್ಟು ಹೊತ್ತು, ಎಂಥ ಗದ್ದಲ, ದಿನಚರಿಯ ಹಾಗೆ ಬರೆದಿಡಬೇಕು. ನನಗೆ ಎಲ್ಲಿಲ್ಲದ ಹುಮ್ಮಸ್ಸು. ಹಾಡು ಎಷ್ಟು ಅಸಂಬದ್ಧ ಎಂದು ತೋರಿಸಲು, ದಿನಕ್ಕೊಂದರಂತೆ ಬರುತ್ತಿದ್ದ ಆ ಸಾಲುಗಳನ್ನೂ ಬರೆದೆ. ಒಂದು ದಿನ, ತಾಯಿ ಬಸ್ ಡಿಪೋದಲ್ಲಿ ಸೀಟು ಒರೆಸಿ ನಡೆದು ಬರುತ್ತಾಳೆ. ಮರುದಿನ, ಜನ ಮರೆತುಹೋದ ಕೈಗವಸುಗಳು ಅವಳ ಕೋಟಿನ ಜೇಬಿನಲ್ಲಿ, ಒಂದಕ್ಕೂ ಜೋಡಿಯಿಲ್ಲ. ಪಕ್ಕದಲ್ಲಿ ನನ್ನ ಷರಾ: ಮುದುಕನ ಕೂಗಾಟ, ತಾಳಜ್ಞಾನ ಶೂನ್ಯ.

ಹೆಂಡತಿ ಗಿರಿಜಾ ಬಾಗಿಲಲ್ಲಿ ನಿಂತು, "ನನಗೇನೂ ಕೇಳಸವಲ್ದು ನೋಡ್ರಿ. ಅಂವನ ಮ್ಯಾಲೆ ಯಾಕ ಇಷ್ಟು ಸಿಟ್ಟು?" ಅಂದಳು. ಪಕ್ಕದ ಮನೆಯವರ ಪರ ವಹಿಸುವುದು ಅವಳ ಹಳೇ ಚಾಳಿ ಎಂದುಕೊಂಡೆ.

ಹನ್ನೆರಡು ದಿನಕ್ಕೆ ಫಾರ್ಮ್ ತುಂಬಿತು. ಕಳಿಸಿ ತಿಂಗಳಾದ ಮೇಲೆ ಕೌನ್ಸಿಲಿನ ಹೆಣ್ಣುಮಗಳೊಬ್ಬಳು ಫೋನ್ ಮಾಡಿ, ವಿಚಾರಿಸಿದೆವು, ನೀವು ಬರೆದ ದಿನಗಳಲ್ಲಿ ಆ ಮನೆಯಲ್ಲಿ ಯಾರೂ ಇರಲಿಲ್ಲವಲ್ಲ ಎಂದಳು, ಸುಳ್ಳುಗಾರನಿಗೆ ಕೊಡುವ ಮರ್ಯಾದೆಯನ್ನು ಅಳೆದು ಕೊಟ್ಟು.

ಫಾರ್ಮಿನ ಪ್ರತಿ ಹಿಡಿದು ಹೋಗಿ ಪಕ್ಕದ ಮನೆ ಬಾಗಿಲು ಬಡಿದೆ. ತೆಗೆದವಳು ಅವನ ಮಗಳು ಮಾರ್ವಾ. ಅಪ್ಪನಿಗೆ ಗಂಟಲಲ್ಲಿ ಗಡ್ಡೆ. ಆ ಹನ್ನೆರಡೂ ದಿನ ಆಸ್ಪತ್ರೆಯಲ್ಲಿ ಗಂಟಲಿಗೆ ನಳಿಗೆ ಹಾಕಿಸಿಕೊಂಡು ಮಲಗಿದ್ದ. ಕೊನೆಯ ದಿನ ಸಂಜೆ ಆಪರೇಷನ್ ಮಾಡಿ ದನಿಪೆಟ್ಟಿಗೆಯನ್ನೇ ತೆಗೆದರು ಎಂದಳು. ಮನೆಗೆ ಬೀಗವಿತ್ತು, ಬೀಗದಕೈ ಅವಳ ಹತ್ತಿರವಿತ್ತು. ನನ್ನ ಕೈಯ ಹಾಳೆ ಕಸಿದು ಓದತೊಡಗಿದಳು. ಕೈಗವಸಿನ ಸಾಲಿಗೆ ಬಂದು ನಿಂತಳು. "ನಮ್ಮಜ್ಜಿ ಗ್ಲೌಸ್ ತರುತ್ತಿದ್ದದ್ದು ನಿಮಗೆ ಯಾರು ಹೇಳಿದರು?"

ರೂಪರ್ಟ್ ಒಳಗೆ ಕುರ್ಚಿಯಲ್ಲಿದ್ದ, ಕೊರಳಿಗೆ ಪಟ್ಟಿ. ಹಾಳೆಯನ್ನು ನಿಧಾನಕ್ಕೆ ಓದಿದ. ನನ್ನ ಷರಾಗಳನ್ನೂ ಓದಿದ; ನಾನು ನೆಲ ನೋಡುತ್ತಿದ್ದೆ. ಅವನ ಬೆರಳು ಮೇಜಿನ ಮೇಲೆ ತಾಳ ಹಾಕುತ್ತಿತ್ತು, ಮೊದಲ ಪೆಟ್ಟು ಬಿಟ್ಟು. ಆಮೇಲೆ ಸಣ್ಣ ಹಲಗೆಯೊಂದರ ಮೇಲೆ ಬರೆದ. ಮಲಗಿದಲ್ಲೇ ಮನಸ್ಸಿನಲ್ಲಿ ದಿನಕ್ಕೊಂದು ಸಾಲು ಕಟ್ಟಿದ್ದನಂತೆ, ಯಾರಿಗೂ ತಿಳಿಸಿರಲಿಲ್ಲ. ಆಪರೇಷನ್ನಿನ ಮಂಪರಿನಿಂದ ಎದ್ದಾಗ ಒಂದೂ ನೆನಪಿರಲಿಲ್ಲ. ಅದನ್ನು ಒರೆಸಿ ಮತ್ತೆ ಬರೆದು ನನ್ನ ಕಡೆ ತಿರುಗಿಸಿದ.

"ಇಲ್ಲಿ ಹನ್ನೊಂದಿವೆ. ಕೊನೆಯದೆಲ್ಲಿ?"

ಹನ್ನೆರಡನೇ ದಿನವೂ ದನಿ ಬಂದಿತ್ತು. ಅಷ್ಟರಲ್ಲಿ ನನಗೆ ಸಾಕಾಗಿ ಕಿವಿಗೆ ಹೆಡ್‌ಫೋನ್ ಏರಿಸಿ, ಆ ಜಾಗದಲ್ಲಿ 'ಮೇಲಿನಂತೆಯೇ' ಎಂದು ಗೀಚಿ ಕೈತೊಳೆದುಕೊಂಡಿದ್ದೆ.

ಸ್ನೇಹಿತರು ಬಗೆಬಗೆಯ ಕಾರಣ ಕೊಡುತ್ತಾರೆ. ಹಳೇ ರೆಕಾರ್ಡಿಂಗ್ ಇರಬೇಕು ಅನ್ನುತ್ತಾನೆ ಒಬ್ಬ. ಹುಟ್ಟದ ಹಾಡಿಗೆ ರೆಕಾರ್ಡಿಂಗ್ ಎಲ್ಲಿಯದು? ಪೂರ್ವಜನ್ಮದ ನಂಟು ಅನ್ನುತ್ತಾನೆ ಇನ್ನೊಬ್ಬ. ಅಂಥವರ ಬಗ್ಗೆ ನನ್ನ ತಾತ್ಸಾರ ಈಗಲೂ ಕಡಿಮೆಯಾಗಿಲ್ಲ. ಅದಕ್ಕಿಂತ ಹೆಚ್ಚಿನದು ನನ್ನ ಬಗ್ಗೆಯೇ ಇದೆ ಅಷ್ಟೆ. ಏನಾಯಿತೆಂದು ನನಗೂ ತಿಳಿಯದು.

ಆ ಹಾಡನ್ನು ಈಗ ಮಾರ್ವಾ ಹಾಡುತ್ತಾಳೆ. ಹನ್ನೊಂದು ಸಾಲು ಮುಗಿಸಿ ಸುಮ್ಮನಾಗುತ್ತಾಳೆ. ಹನ್ನೆರಡನೆಯದರ ಜಾಗದಲ್ಲಿ ಅವನ ಬೆರಳಿನ ತಾಳವೊಂದೇ ಇರುತ್ತದೆ. ನಾಲ್ಕು ಗಂಟೆಯಾದರೆ ನಾನು ಗೋಡೆಗೆ ಕಿವಿಯಿಟ್ಟು ಕೂರುತ್ತೇನೆ. ಅಡುಗೆಮನೆಯಲ್ಲಿ ಮಿಕ್ಸರ್ ಆಫ್ ಮಾಡಿ, ಕೈ ಒರೆಸಿಕೊಳ್ಳುತ್ತಾ ಗಿರಿಜಾಳೂ ನಿಲ್ಲುತ್ತಾಳೆ.