ಎರಡು ಕ್ಯಾಲೆಂಡರಿನ ಸಂಕ್ರಾಂತಿ

ಜಮಖಂಡಿಯ ಬಜಾರಿನಲ್ಲಿ ಈಗ ಕುಸುರೆಳ್ಳು ಪ್ಲಾಸ್ಟಿಕ್ ಪಾಕೀಟಿನಲ್ಲಿ ಸಿಗುತ್ತದೆ. ಮೊನ್ನೆ ಒಂದು ಪಾಕೀಟು ತಂದು, ಮನೆ ಮುಟ್ಟುವ ತನಕ ತಡೆಯಲಾರದೆ ದಾರಿಯಲ್ಲೇ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡೆ. ಗುಲಾಬಿ, ಹಳದಿ, ಹಸಿರು. ಎಲ್ಲ ಕಾಳಿಗೂ ಒಂದೇ ಅಳತೆಯ ಮುಳ್ಳು. ಸಿಹಿಯೂ ಸರಿಯಾಗಿತ್ತು. ತಕರಾರು ಮಾಡುವಂಥದ್ದೇನೂ ಇರಲಿಲ್ಲ, ಅದಕ್ಕೇ ನನಗೆ ಸ್ವಲ್ಪ ಬೇಸರವಾಯಿತು.

ನಮ್ಮ ಬನಹಟ್ಟಿಯ ಮನೆಯಲ್ಲಿ ಅವ್ವ ಕುಸುರೆಳ್ಳು ಮಾಡುವುದಕ್ಕೆ ಚಳಿಗಾಗಿ ಕಾಯುತ್ತಿದ್ದಳು. ನಸುಕಿನಲ್ಲಿ ಎದ್ದು, ಇದ್ದಲಿ ಶೆಗಡಿಯ ಸಣ್ಣ ಕಾವಿನ ಮೇಲೆ ಬೋಗುಣಿಯಲ್ಲಿ ಎಳ್ಳು ಹಾಕಿ, ಸಕ್ಕರೆ ಪಾಕವನ್ನು ಚಮಚ ಚಮಚವಾಗಿ ಬಿಡುತ್ತ, ಬೆರಳ ತುದಿಯಿಂದ ಕೈಯಾಡಿಸುತ್ತ ಕೂರಬೇಕು. ಚಳಿ ಚೆನ್ನಾಗಿ ಬಿದ್ದರೆ ಎಳ್ಳಿನ ಮೈಮೇಲೆ ಸಕ್ಕರೆಯ ಮುಳ್ಳು ಏಳುತ್ತವೆ. ಅವಸರ ಮಾಡಿದರೆ ಎಲ್ಲ ಕೂಡಿ ಗಡ್ಡೆಯಾಗುತ್ತದೆ. ನಾನು ಮಾಡಿದಾಗಲೆಲ್ಲ ಗಡ್ಡೆಯೇ ಆಗಿದೆ. ಅದಕ್ಕೇ ಪಾಕೀಟು.

ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ. ಜನವರಿ ಬಂತೆಂದರೆ ನಮಗೆ ಪಾಠ ಮಾಡಲು ಪುರಸೊತ್ತು ಇರುವುದಿಲ್ಲ. ಹೊಸ ವರ್ಷದ ಗ್ರೀಟಿಂಗ್ ಕಾರ್ಡಿನ ಅಂಟು ಮಕ್ಕಳ ಕೈಯಿಂದ ಹೋಗುವಷ್ಟರಲ್ಲಿ ಯುವ ದಿನ. ಆಮೇಲೆ ರಸ್ತೆ ಸುರಕ್ಷತೆ, ಅದರ ಘೋಷಣೆ ಕೂಗುತ್ತ ಮಕ್ಕಳು ರಸ್ತೆಯ ನಡುವೆಯೇ ಹೋಗುತ್ತಾರೆ. ಹೆಣ್ಣುಮಕ್ಕಳ ದಿನ ಗಂಡುಮಕ್ಕಳು ಭಾಷಣ ಮಾಡುತ್ತಾರೆ. ಮತದಾರರ ದಿನ ಮೂರನೇ ಇಯತ್ತೆಯವರು ಯಾವ ಆಮಿಷಕ್ಕೂ ಒಳಗಾಗದೆ ಮತ ಚಲಾಯಿಸುತ್ತೇವೆಂದು ಕೈ ಮುಂದೆ ಚಾಚಿ ಪ್ರಮಾಣ ಮಾಡಿ, ಚಾಕಲೇಟು ಇಸಿದುಕೊಂಡು ಹೋಗುತ್ತಾರೆ. ಮರುದಿನ ಗಣರಾಜ್ಯೋತ್ಸವ. ತಿಂಗಳ ಕೊನೆಗೆ ಹುತಾತ್ಮರ ದಿನ, ಎರಡು ನಿಮಿಷ ಮೌನ. ಹೊಸದಾಗಿ ನೌಕರಿಗೆ ಸೇರಿದಾಗ ನಮ್ಮ ಮುಖ್ಯಗುರುಗಳು, "ಬಾಯಿ ಮುಚ್ಚಿ ನಿಂದರೂದು ಭಾಳ ಕಠಿಣ ಐತ್ರಿ ಬಾಯರ, ನಗಿ ಬರತೈತಿ" ಎಂದು ಎಚ್ಚರಿಸಿದ್ದರು. ನನಗೆ ಕಠಿಣವಾಗಲಿಲ್ಲ. ನಮ್ಮ ಮನೆಯಲ್ಲಿ ಮೌನಾಚರಣೆ ವರ್ಷವಿಡೀ ನಡೆಯುತ್ತಿತ್ತು, ಸಂಕ್ರಾಂತಿಯ ಒಂದು ದಿನ ಬಿಟ್ಟು.

ಆಚರಿಸುತ್ತಿದ್ದವರು ಇಬ್ಬರು, ನಮ್ಮ ಅಪ್ಪ ಮತ್ತು ಅಪ್ಪನ ತಮ್ಮ, ಅಂದರೆ ನನ್ನ ಕಾಕಾ. ನಮ್ಮದು ನೇಕಾರರ ಮನೆತನ. ಅಜ್ಜ ತೀರಿಕೊಂಡ ಮೇಲೆ ಅವನ ಕೈಮಗ್ಗ ಪಡಸಾಲೆಯಲ್ಲಿ ಸುಮ್ಮನೆ ನಿಂತಿತ್ತು. ಕಾಕಾ ತೇರದಾಳಕ್ಕೆ ಹೆಂಡತಿಯ ತವರಿಗೆ ಹೋಗಿದ್ದಾಗ ಅಪ್ಪ ಅದನ್ನು ಬಿಚ್ಚಿ, ಆ ಜಾಗದಲ್ಲಿ ಪವರ್‌ಲೂಮ್ ಕೂಡಿಸಿದ. ಕಾಕಾ ತಿರುಗಿ ಬಂದಾಗ ಅಜ್ಜನ ಮಗ್ಗ ಹಿತ್ತಲಲ್ಲಿ ಉರುವಲು ಕಟ್ಟಿಗೆಯ ಪಕ್ಕ ರಾಶಿ ಬಿದ್ದಿತ್ತು. ಅವತ್ತು ಕಾಕಾ ಆಡಿದ ಒಂದು ಮಾತನ್ನು ಮನೆಯ ಹೆಂಗಸರು ಯಾರೂ ನನಗೆ ಹೇಳಿಲ್ಲ. ಕೇಳಿದರೆ "ಹೊಲಸ ಮಾತು" ಎನ್ನುತ್ತಾರೆ. ಮುಂದಿನ ಗಣೇಶ ಚೌತಿಯ ಹೊತ್ತಿಗೆ ಅಂಗಳದ ನಡುವೆ ಗೋಡೆ ಎದ್ದಿತ್ತು, ಎರಡೂ ಮನೆಯಲ್ಲಿ ಬೇರೆ ಬೇರೆ ಗಣಪತಿ ಕೂತಿದ್ದ.

ಅವ್ವ ಮತ್ತು ಕಾಕಾನ ಹೆಂಡತಿ ಕಾಕು ಮಾತ್ರ ಈ ಜಗಳದ ಸುದ್ದಿ ತಮಗೆ ಇನ್ನೂ ಮುಟ್ಟಿಯೇ ಇಲ್ಲವೆಂಬಂತೆ ನಳದ ಹತ್ತಿರ ನಿಂತು ಹರಟುತ್ತಿದ್ದರು. ಕಾಕಾನ ಮಗಳು ಸುವರ್ಣಾ ನನ್ನ ಜೊತೆಗೇ ಕಾಲೇಜಿಗೆ ಬರುತ್ತಿದ್ದಳು. ಗೋಡೆ ಇದ್ದದ್ದು ಇಬ್ಬರು ಗಂಡಸರಿಗೆ ಅಷ್ಟೇ.

ಆದರೆ ಸಂಕ್ರಾಂತಿಗೆ ಯಾರೂ ಮಾತು ಬಿಡುವ ಹಾಗಿಲ್ಲವಲ್ಲ. ಕಾಕಾ ನದಿಗೆ ಹೋಗಿ ಮೈಗೆ ಎಳ್ಳು ಅರಿಷಿಣ ತಿಕ್ಕಿಕೊಂಡು ಸ್ನಾನ ಮಾಡಿ, ಮಡಿ ಧೋತರ ಉಟ್ಟು, ಬಟ್ಟಲಲ್ಲಿ ಕುಸುರೆಳ್ಳು ಹಿಡಿದು ನಮ್ಮ ಹೊಸ್ತಿಲು ದಾಟುತ್ತಿದ್ದ. ಅಣ್ಣನ ಕಾಲಿಗೆ ನಮಸ್ಕಾರ ಮಾಡಿ, "ಎಳ್ಳು ಬೆಲ್ಲದಂಗ ಇರೂಣ್ರಿ" ಎನ್ನುತ್ತಿದ್ದ. ಅಪ್ಪನೂ ಒಂದು ಚಿಟಿಕೆ ಕೊಟ್ಟು "ಇರೂಣ್ರಿ" ಎನ್ನುತ್ತಿದ್ದ. ಒಡಹುಟ್ಟಿದ ತಮ್ಮನಿಗೆ ರೀ ಹಚ್ಚಿ ಮಾತಾಡುವ ಅಣ್ಣನನ್ನು ನಮ್ಮ ಓಣಿಯಲ್ಲಿ ಬೇರೆಲ್ಲೂ ನೋಡಲು ಸಿಗುತ್ತಿರಲಿಲ್ಲ. ವರ್ಷದ ವ್ಯವಹಾರವೆಲ್ಲ ಹೊತ್ತು ಮುಳುಗುವುದರೊಳಗೆ ಮುಗಿಯಬೇಕು, ಅದೂ ಒಳ್ಳೆಯ ಮಾತಿನಲ್ಲಿ.

"ನಿಮ್ಮ ಮಗ್ಗಗೋಳು ರಾತ್ರಿ ಭಾಳ ಛಲೋ ಸಪ್ಪಳ ಮಾಡತಾವ್ರಿ ಅಣ್ಣಾ. ನಮಗ ನಿದ್ದಿನ ಬ್ಯಾಡಾಗೇತಿ ನೋಡ್ರಿ."

"ನಿಮ್ಮ ಬಚ್ಚಲ ನೀರು ನಮ್ಮ ಅಂಗಳಕ್ಕ ಬರತೈತ್ರೀ. ಕೆಸರು ಭಾಳ ಛಂದ ಆಗೇತಿ. ಮೊನ್ನೆ ನಮ್ಮ ಮನಿಯವ್ರು ಆರಾಮ ಜಾರಿ ಬಿದ್ರು."

ಹೀಗೆ ಮಾತಾಡಿ, ಸಜ್ಜಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹೋಳಿಗೆ ಒಟ್ಟಿಗೆ ಉಂಡು, ಎಲೆಅಡಿಕೆ ಹಾಕಿಕೊಂಡು ಏಳುತ್ತಿದ್ದರು. ಮರುದಿನ ಕರಿ. ಕರಿಯ ದಿನ ಯಾವ ಒಳ್ಳೆಯ ಕೆಲಸವನ್ನೂ ಹಿಡಿಯಬಾರದು. ಇಬ್ಬರೂ ಅವತ್ತಿನಿಂದ ಮತ್ತೆ ಬಾಯಿ ಮುಚ್ಚುತ್ತಿದ್ದರು. ಈ ಏರ್ಪಾಡು ಎಷ್ಟು ಚೆನ್ನಾಗಿ ನಡೆಯುತ್ತಿತ್ತೆಂದರೆ ಯಾರಿಗೂ ಅದನ್ನು ಸರಿಪಡಿಸಬೇಕೆನಿಸಿರಲಿಲ್ಲ.

ಕೆಡಿಸಿದ್ದು ಸೂರ್ಯ. ಅವನು ಮಕರ ರಾಶಿಗೆ ಹಗಲಲ್ಲಿ ಹೋಗಿದ್ದರೆ ಯಾವ ಗೋಳೂ ಇರುತ್ತಿರಲಿಲ್ಲ. ನಾನು ಕಾಲೇಜಿನಲ್ಲಿದ್ದಾಗ ಒಂದು ವರ್ಷ ಹದಿನಾಲ್ಕರಂದು ಹೊತ್ತು ಮುಳುಗಿದ ಮೇಲೆ ಹೋದ, ಹಬ್ಬ ಅವತ್ತೋ ಮರುದಿನವೋ ಎಂದು ಪಂಚಾಂಗದವರಲ್ಲೇ ಎರಡು ಮತವಾಯಿತು. ಗೋಡೆ ಎದ್ದ ಮೇಲೆ ನಮ್ಮ ಮನೆಗೆ ನೂಲಿನ ವ್ಯಾಪಾರಿ ಕೊಟ್ಟ ಕ್ಯಾಲೆಂಡರ್, ಕಾಕಾನ ಮನೆಗೆ ಸೀರೆ ಅಂಗಡಿಯವರು ಕೊಟ್ಟ ಕ್ಯಾಲೆಂಡರ್. ನಮ್ಮದರಲ್ಲಿ ಹದಿನೈದಕ್ಕೆ ಸಂಕ್ರಾಂತಿ, ಅವರದರಲ್ಲಿ ಹದಿನಾಲ್ಕಕ್ಕೆ. ಹೊರಗಿನವರನ್ನು ಕೇಳಬಹುದಿತ್ತು. ಆದರೆ ಮನೆಯಲ್ಲಿ ಕ್ಯಾಲೆಂಡರ್ ಇಟ್ಟುಕೊಂಡು ಬೇರೆಯವರನ್ನು ಯಾರು ಕೇಳುತ್ತಾರೆ?

ಹದಿನಾಲ್ಕರಂದು ನಮಗೆ ಇನ್ನೂ ಭೋಗಿ. ಅಪ್ಪ ಹಳೆಯ ಬನಿಯನ್ ಮೇಲೆ ಮಗ್ಗದ ಮುಂದಿದ್ದ. ಕಾಕಾ ಧೋತರ ಉಟ್ಟು ಬಟ್ಟಲು ಹಿಡಿದು ಬಂದು ಬಾಗಿಲಲ್ಲಿ ನಿಂತ. ಅಪ್ಪ ಬಟ್ಟಲು ನೋಡಿದ, ಗೋಡೆಯ ಕ್ಯಾಲೆಂಡರ್ ನೋಡಿದ. ಹಬ್ಬವಲ್ಲದ ದಿನ ತಮ್ಮನ ಜೊತೆ ಮಾತಾಡುವ ರೂಢಿ ಇಲ್ಲದ್ದರಿಂದ ಅವ್ವನ ಕಡೆ ತಿರುಗಿ, "ಹಬ್ಬ ನಾಳಿ ಐತಿ ಅಂತ ಹೇಳು" ಎಂದ.

"ಇವತ್ತ ಐತಿ ಅಂತ ಹೇಳ್ರಿ ವೈನಿ," ಕಾಕಾ ಅತ್ತಿಗೆಗೆ ಅಂದ.

ನಡುವೆ ನಿಂತ ಅವ್ವ ಎರಡು ಮಾತನ್ನೂ ಯಾರಿಗೂ ಹೇಳಲಿಲ್ಲ. ಇಬ್ಬರಿಗೂ ಕೇಳಿಸಿತ್ತು.

"ನಾಳೆ ನಾ ಇರಾಂಗಿಲ್ಲರಿ," ಎಂದು ಕಾಕಾ ಇನ್ನೂ ಸ್ವಲ್ಪ ಹೊತ್ತು ನಿಂತ. ಅಪ್ಪ ಮಗ್ಗ ಚಾಲೂ ಮಾಡಿದ. ಮಗ್ಗ ಚಾಲೂ ಆದ ಮೇಲೆ ಯಾರು ಏನು ಅಂದರೂ ಕೇಳಿಸುವುದಿಲ್ಲ.

ಮರುದಿನ ಅಪ್ಪ ಮಗ್ಗಗಳನ್ನು ಕೂಲಿಯವರಿಗೆ ಬಿಟ್ಟು, ಇಸ್ತ್ರಿ ಅಂಗಿ ಹಾಕಿಕೊಂಡು ಹೊರಗಿನ ಕಟ್ಟೆಯ ಮೇಲೆ ಕೂತ. ಅವ್ವನ ಕುಸುರೆಳ್ಳಿಗೆ ಆ ವರ್ಷ ಮುಳ್ಳು ಎಂದಿಲ್ಲದಷ್ಟು ಚೆನ್ನಾಗಿ ಎದ್ದಿದ್ದವು. ಯಾರೂ ಬರಲಿಲ್ಲ. ರೊಟ್ಟಿ ಆರಿ ಸೆಟೆದವು. ಕಡೆಗೆ ಅಪ್ಪ ನನ್ನ ಮುಖ ನೋಡದೆ, "ಸುವರ್ಣಾಗ ಕುಸುರೆಳ್ಳ ಕೊಟ್ಟ ಬಾ" ಎಂದ. ಸುವರ್ಣಾ ಒಬ್ಬಳೇ ಮನೆಯಲ್ಲಿದ್ದಳು, ಅತ್ತು ಕಣ್ಣು ಊದಿಸಿಕೊಂಡಿದ್ದಳು.

"ಅಪ್ಪಗ ಎದಿ ಆಪರೇಶನ್ ಐತಿ. ಮೊದಲನೇ ಬಸ್ಸಿಗೆ ಮಿರಜಕ್ಕ ಹೋದ್ರು, ಅವ್ವನೂ ಹೋಗ್ಯಾಳ. ಯಾರಿಗೂ ಹೇಳಬ್ಯಾಡ್ರಿ, ಹಬ್ಬದ ದಿನ ಅಣ್ಣಗ ನಾನ ಹೇಳತೀನಿ ಅಂದಿದ್ದ. ನಿನ್ನೆ ಹೇಳಾಕಂತನ ಬಂದಿದ್ದ."

ನಾನು ಬಂದು ಹೇಳಿದೆ. ಅಪ್ಪ ಇಸ್ತ್ರಿ ಅಂಗಿಯ ಗುಂಡಿ ಬಿಚ್ಚಿದ. ಆಮೇಲೆ, "ಅವರ ಕ್ಯಾಲೆಂಡರಿನ್ಯಾಗ ಇವತ್ತ ಏನೈತಿ?" ಎಂದು ಕೇಳಿದ.

"ಕರಿ," ಅಂದೆ.

"ಕರಿ ದಿನ ಹೊಂಟಾನ?"

ಅವ್ವ ಸಮಾಧಾನ ಹೇಳಲು, "ರಥಸಪ್ತಮಿತನಕ ಎಳ್ಳ ಕೊಡಬಹುದ್ರಿ, ಇನ್ನೂ ಟೈಮ್ ಐತಿ" ಎಂದಳು.

"ರಥಸಪ್ತಮಿತನಕ ಅಂವ ಇರಬೇಕಲ್ಲ," ಅಪ್ಪ ಅಂದ. ಅಂದವನೇ ಒಳಗೆ ಹೋಗಿ ಮಗ್ಗಗಳ ಮೇನ್ ಸ್ವಿಚ್ ಕೆಳಗೆ ಎಳೆದ. ಮಗ್ಗ ನಿಂತ ನಮ್ಮ ಮನೆ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ನನಗೆ ಹೆದರಿಕೆಯಾಯಿತು.

ಮರುದಿನ ನಸುಕಿನಲ್ಲಿ ಅಪ್ಪ ಮತ್ತು ನಾನು ಹೊರಟೆವು. ತೇರದಾಳ ದಾಟಿ ಮಿರಜ ಮುಟ್ಟುವ ತನಕ ಅಪ್ಪ ತೊಡೆಯ ಮೇಲೆ ಕುಸುರೆಳ್ಳಿನ ಡಬ್ಬಿ ಹಿಡಿದುಕೊಂಡೇ ಕೂತಿದ್ದ. ಆಸ್ಪತ್ರೆಯಲ್ಲಿ ಕಾಕಾನಿಗೆ ಹಸಿರು ಅಂಗಿ ತೊಡಿಸಿ ಮಲಗಿಸಿದ್ದರು. ನನಗಿಂತ ಚಿಕ್ಕವನ ಹಾಗೆ ಕಂಡ. ಅಪ್ಪ ಡಬ್ಬಿಯ ಮುಚ್ಚಳ ತೆಗೆದು ಮುಂದೆ ಹಿಡಿದ. ನರ್ಸಬಾಯಿ ನೋಡಿ, ಆಪರೇಶನ್ನಿಗೆ ಒಯ್ಯುವವರಿಗೆ ನೀರು ಕೂಡ ಕೊಡುವ ಹಾಗಿಲ್ಲ ಎಂದು ಡಬ್ಬಿ ಮುಚ್ಚಿಸಿದಳು.

ಕುಸುರೆಳ್ಳು ಕೊಡದ ಮೇಲೆ ಒಳ್ಳೆಯ ಮಾತಾಡುವುದು ಹೇಗೆ? ಅಪ್ಪ ಮುಚ್ಚಿದ ಡಬ್ಬಿ ಹಿಡಿದು ನಿಂತ.

"ಎದಿ ನೋವು ಅಂತ ಹೇಳಾಕ ಬಾಯಿ ಬಿದ್ದಿತ್ತೇನಲೇ ನಿಂದು?" ಎಂದ.

ಕಾಕಾ ಕಣ್ಣು ಪೂರ್ತಿ ತೆರೆದ. "ಹೇಳಾಕ ಬಂದಿದ್ನಲ್ಲ. ನಿನ್ನ ಕ್ಯಾಲೆಂಡರಿನ್ಯಾಗ ಹಬ್ಬ ಇರಲಿಲ್ಲ."

"ಹಬ್ಬ ಇರಲಿಲ್ಲಂದ್ರ ಬಾಯಿ ಇರಲಿಲ್ಲೇನು?"

"ನಿನಗ ಕಿವಿ ಇದ್ದುವೇನು? ಮಗ್ಗ ಹಚಗೊಂಡ ಕುಂತಿ."

ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು, "ಬೈದಾಡಬ್ಯಾಡ್ರಿ, ನಿಮ್ಮ ಕಾಲ ಬೀಳತೇನಿ" ಎಂದಳು. ಯಾರೂ ಅವಳ ಮಾತು ಕಿವಿಗೆ ಹಾಕಿಕೊಳ್ಳಲಿಲ್ಲ.

"ಅಪ್ಪನ ಮಗ್ಗ ಮುರದಿ ನೀ," ಕಾಕಾ ಅಂದ. ದನಿ ಸಣ್ಣದಾಗಿತ್ತು.

"ಮುರದೀನಿ. ಹುಳ ಹತ್ತಿತ್ತು ಕಟ್ಟಿಗಿಗೆ."

"ಹುಳ ಹತ್ತಿದ್ದು ನನಗೂ ಗೊತ್ತಿತ್ತು. ನಾನೂ ಬಿಚ್ಚಾಂವನ ಇದ್ದೆ. ನಾ ಬರೂತನಕ ತಡೀಬೇಕಿತ್ತು."

ಅಪ್ಪ ಡಬ್ಬಿಯನ್ನು ನನ್ನ ಕೈಗೆ ಕೊಟ್ಟ. "ತಡೀಬೇಕಿತ್ತು," ಎಂದ. ಇಷ್ಟು ವರ್ಷ ಎರಡು ಮನೆಯ ನಡುವೆ ಅಡ್ಡ ನಿಂತದ್ದು ಇದೊಂದು ಶಬ್ದ ಎಂದು ತಿಳಿದಾಗ ನನಗೆ ಅಳು ಬಂತು, ಸಿಟ್ಟೂ ಬಂತು. ಅಷ್ಟರಲ್ಲಿ ನರ್ಸಬಾಯಿ ಬಂದು ಗದ್ದಲ ಮಾಡಿದ್ದಕ್ಕೆ ಅಪ್ಪನನ್ನು ಹೊರಗೆ ಕಳಿಸಿದಳು. ಆಪರೇಶನ್ ಮುಗಿಯುವ ತನಕ ಅಪ್ಪ ಆ ವರಾಂಡದಲ್ಲಿ ಕೂತವರಿಗೆಲ್ಲ, ಬಾಗಿಲು ಕಾಯುವವನಿಗೂ, ಯಾರದೋ ಕಾಲು ಮುರಿದ ಅಜ್ಜನಿಗೂ ಚಿಟಿಕೆ ಚಿಟಿಕೆ ಕುಸುರೆಳ್ಳು ಹಂಚುತ್ತ ಓಡಾಡಿದ. ಡಬ್ಬಿ ಖಾಲಿಯಾದ ಮೇಲೂ ಓಡಾಡುತ್ತಲೇ ಇದ್ದ.

ಕಾಕಾ ಬದುಕಿದ. ಅವನನ್ನು ಕಾರಿನಲ್ಲಿ ಮನೆಗೆ ಕರೆತಂದದ್ದು ಜನವರಿ ಇಪ್ಪತ್ತಾರಕ್ಕೆ. ಓಣಿಯಲ್ಲಿ ಶಾಲೆಯ ಮಕ್ಕಳ ಪ್ರಭಾತಫೇರಿ ಎದುರಾಯಿತು, ಜಯಕಾರ ಹಾಕುತ್ತಿದ್ದರು. ಕಾಕಾ ಕಾರಿನೊಳಗಿನಿಂದ ಎಲ್ಲರಿಗೂ ಕೈ ಮುಗಿದ.

ಗೋಡೆ ಈಗಲೂ ಇದೆ. ಇಬ್ಬರಿಗೂ ಮೊಣಕೈ ಊರಲು ಅದು ಬೇಕಾಗಿದೆ. ದಿನಾ ಬೆಳಿಗ್ಗೆ ಆಚೆ ಒಬ್ಬ ಈಚೆ ಒಬ್ಬ ನಿಂತು ನಳದ ನೀರು, ಬೆಕ್ಕು, ಯಾರ ಮೊಮ್ಮಗ ಯಾರ ಮೊಮ್ಮಗನಿಗೆ ಹೊಡೆದ ಎಂಬುದರ ಮೇಲೆ ಒಬ್ಬರನ್ನೊಬ್ಬರು ಬೈಯುತ್ತಾರೆ. ತೊಂದರೆಯೆಂದರೆ ಸಂಕ್ರಾಂತಿಯದು. ಅವತ್ತು ಒಳ್ಳೆಯ ಮಾತಾಡಬೇಕಲ್ಲ, ಆ ರೂಢಿ ಇಬ್ಬರಿಗೂ ತಪ್ಪಿಹೋಗಿದೆ.

ಈ ಸಲ ನಾನು ನನ್ನ ಪಾಕೀಟು ಹಿಡಿದು ಬನಹಟ್ಟಿಗೆ ಹೋದಾಗ ಇಬ್ಬರೂ ಕಟ್ಟೆಯ ಮೇಲೆ ಹೆಣ್ಣು ನೋಡಲು ಬಂದವರಂತೆ ಕೂತಿದ್ದರು. ಬಹಳ ಹೊತ್ತಿನ ಮೇಲೆ ಕಾಕಾ, "ಆರಾಮದೀರೇನ್ರಿ ಅಣ್ಣಾ?" ಎಂದ. ಅಪ್ಪನ ಮುಖ ಬಿಳಿಚಿತು. ಕಾಕಾ ಎದ್ದು ಹೋದ ಮೇಲೆ ಅವ್ವನ ಹತ್ತಿರ ಬಂದು, "ಇವಗ ಏನರ ಆಗೇತೇನ? ಕಾಕುನ ಕೇಳು" ಎಂದ. ಅವತ್ತು ಸರಿಯಾಗಿ ಉಣ್ಣಲಿಲ್ಲ.

ಕರಿಯ ಬೆಳಿಗ್ಗೆ ನಾನು ಎದ್ದಾಗ ಅಪ್ಪ ಆಗಲೇ ಅಂಗಳದಲ್ಲಿದ್ದ. ಹಲ್ಲುಜ್ಜುವ ನೆವದಲ್ಲಿ ಗೋಡೆಯ ಹತ್ತಿರವೇ ಅಡ್ಡಾಡುತ್ತಿದ್ದ. ಆಚೆಯಿಂದ ಸಪ್ಪಳವಿಲ್ಲ. ಅಪ್ಪ ಕೆಮ್ಮಿದ. ಕೊಡ ಎತ್ತಿ ಕುಕ್ಕಿದ. ಕೊನೆಗೆ ಆಚೆಯ ಬಾಗಿಲು ಕಿರ್ರೆಂದಿತು.

"ಏ ಮುದಕಾ, ಏನ ಹೊತ್ತ ಹೊಂಡೂ ಮೊದಲ ಕೆಮ್ಮತಿ, ಮಂದಿ ಮಲಗಬೇಕೋ ಬ್ಯಾಡೋ?"

ಅಪ್ಪ ಒಳಗೆ ಬಂದು ಒಲೆಯ ಮುಂದೆ ಕೂತ.

"ಆರಾಮ ಅದಾನ," ಎಂದು ಅವ್ವನಿಗೆ ಹೇಳಿ, ಚಹಾ ಕೇಳಿದ.